ಗಾಜಿನ ಬಾಗಿಲಿಗೆ ಪಾದದಕ್ಷರ

ಜನವರಿ ೨೦, ಸೋಮವಾರ

ಜುಲ್ಫಿಕರ್. ಚಳ್ಳಕೆರೆ. ಬೋರ್ಡ್ ಬರೆಯುವವನು. ಬಲಗೈ ಬಿದ್ದಿದೆ. ಇದು ಎಡಗೈಯ ಬರಹ. ಸಾಕು.

ಜನವರಿ ೨೨, ಬುಧವಾರ

ದಿನಾ ಏನಾದರೂ ಬರೆಯಬೇಕಂತೆ. ಕೈಗೆ ಕಸರತ್ತು ಮಾಡಿಸಲು ಬರುವ ಹುಡುಗಿಯ ಅಪ್ಪಣೆ. ಏನು ಬರೆಯಲಿ? ಇಡ್ಲಿ ತಿಂದೆ ಎಂದೆ? ತಿಂದದ್ದೂ ನಾನಾಗಿ ಅಲ್ಲ, ಹೆಂಡತಿ ಫಾತಿಮಾ ಬೀ ತಿನ್ನಿಸಿದಳು. ಎಡಗೈಯಲ್ಲಿ ತಿನ್ನಿ ಎಂದು ಡಾಕ್ಟರು ಹೇಳಿದ್ದಾರೆ. ಥೂ! ತೊಳೆಯುವ ಕೈಯಲ್ಲಿ ಉಣ್ಣುವುದುಂಟೆ? ಉಪವಾಸ ಬಿದ್ದರೂ ಸರಿ, ಆಗದು. ಇಷ್ಟು ಬರೆಯುವಷ್ಟರಲ್ಲಿ ಬೆವರು ಬಂತು.

ಜನವರಿ ೨೭, ಸೋಮವಾರ

ಮಂಚದ ಮೇಲೆ ಬಿದ್ದವನಿಗೆ ಬೇರೇನು ಕೆಲಸ? ಮಾತ್ರೆ ಡಬ್ಬಿಯನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಅದರ ಮೇಲಿನ ಇಂಗ್ಲಿಷ್ ಹೆಸರು ಪಾದದಕ್ಷರದಲ್ಲಿದೆ. ಆಸ್ಪತ್ರೆಯಿಂದ ಕಳಿಸುವಾಗ ಕೊಟ್ಟ ಕಾಗದವೂ ಪಾದದಕ್ಷರವೇ. ನನಗೆ ಲಕ್ವ ಹೊಡೆದ ಕಥೆಯನ್ನೆಲ್ಲ ಅದರಲ್ಲಿ ಬರೆದಿದ್ದಾರಂತೆ. ನನಗೆ ಗೊತ್ತಾಗಿದ್ದು ಅಕ್ಷರ ಮಾತ್ರ.

ಪಾದದಕ್ಷರ ಎನ್ನುವುದು ನನಗೆ ಬ್ರಷ್ ಹಿಡಿಯಲು ಕಲಿಸಿದ ಉಸ್ತಾದ್ ಚಿನ್ನಯ್ಯನವರ ಮಾತು. ಪ್ರತಿ ಗೀಟಿನ ತುದಿಗೂ ಅಡ್ಡಕ್ಕೆ ಒಂದು ಪುಟ್ಟ ಪಾದ ಇರುತ್ತದೆ. ಒಂದು ಗೀಟು ದಪ್ಪ, ಒಂದು ಸಣ್ಣ. ಮಗಳು ನಾಜಿಯಾ ಅದನ್ನು ಟೈಮ್ಸ್ ಅನ್ನುತ್ತಾಳೆ. ತಾಲ್ಲೂಕು ಆಫೀಸಿನ ಎದುರು ಅವಳದು ಟೈಪಿಂಗ್ ಮತ್ತು ಫ್ಲೆಕ್ಸ್ ಅಂಗಡಿ. ಒಂದು ಗುಂಡಿ ಒತ್ತಿದರೆ ಪಾದ ಬರುತ್ತದೆ, ಇನ್ನೊಂದು ಒತ್ತಿದರೆ ಹೋಗುತ್ತದೆ. ನಾನು ಆ ಪಾದ ಇಡುವುದನ್ನು ಕಲಿಯಲು ಒಂದು ಬೇಸಿಗೆಯೆಲ್ಲ ಕಳೆದಿದ್ದೆ. ಈಗ ನನ್ನ ಸ್ವಂತ ಪಾದ ಊರಿದರೆ ಹೆಚ್ಚು.

ಮನೆಯಲ್ಲಿ ನಾವಾಡುವುದು ಉರ್ದು. ಕನ್ನಡದಲ್ಲಿ ಯಾಕೆ ಬರೆಯುತ್ತೀರಿ ಎಂದಳು ಫಾತಿಮಾ. ಆಯುಷ್ಯವೆಲ್ಲ ಕನ್ನಡ ಬೋರ್ಡು ಬರೆದವನು ನಾನು, ಕೈಗೆ ಬರುವುದು ಅದೇ ಎಂದೆ. ಯಾವ ಕೈಗೆ ಎಂದು ಕೇಳಲಿಲ್ಲ, ಪುಣ್ಯ.

ಫೆಬ್ರವರಿ ೨, ಭಾನುವಾರ

ಮೊಳಕಾಲ್ಮೂರಿನಿಂದ ಓಬಯ್ಯ ಬಂದಿದ್ದ. ರೇಷ್ಮೆ ಸೀರೆ ನೇಯುವ ಮನೆಯವನು, ನನ್ನ ಹಳೆಯ ದೋಸ್ತ್. ಮನೆಯ ಮುಂದಿನ ಕೋಣೆಯಲ್ಲೇ ಉಗಾದಿಗೆ ಸ್ವಂತ ಅಂಗಡಿ ತೆಗೆಯುತ್ತಿದ್ದಾನೆ: ಗಂಗಾಂಬಿಕಾ ಸಿಲ್ಕ್ಸ್. ಮನೆದೇವರ ಹೆಸರು. ಹೋದ ದೀಪಾವಳಿಯಲ್ಲೇ ಬೋರ್ಡು ನೀನೇ ಬರೆಯಬೇಕು ಎಂದಿದ್ದ, ನಾನೂ ಹ್ಞೂಂ ಎಂದಿದ್ದೆ. ಈಗ ನನ್ನನ್ನು ನೋಡಿ ಕಿತ್ತಳೆ ಹಣ್ಣಿನ ಚೀಲವನ್ನು ಈ ತೊಡೆಯಿಂದ ಆ ತೊಡೆಗೆ ಇಡುತ್ತ ಕೂತಿದ್ದ.

"ಕನ್ನಡ ಬೋರ್ಡು ನಿನ್ ಮಗಳೇ ಮಾಡ್ಲಿ ಕಣೋ," ಎಂದ ಕಡೆಗೆ. "ಇಂಗ್ಲಿಷಿನ್ದು ಮಾತ್ರ ನಿನ್ ಕೈಯಿಂದ ಬೇಕು. ಬಳ್ಳಾರಿ ಕಡೆಯಿಂದ ಗಿರಾಕಿ ಬರ್ತಾರೆ, ಅದನ್ನ ನೋಡಿದ್ರೆ ಹಳೇ ಮನೆತನದ ಅಂಗಡಿ ಅನ್ನಿಸ್ಬೇಕು. ಆ ಪಾದ ಇರೋ ಅಕ್ಷರ ಐತಲ್ಲ, ಅದು."

"ಉಗಾದಿಗೆ ತಾನೆ? ಅಷ್ಟೊತ್ತಿಗೆ ಕೈ ಎದ್ದು ಕುಣೀತೈತೆ, ನೋಡ್ತಿರು."

"ಆಗ್ದಿದ್ರೆ ಹೇಳ್ಬಿಡಪ್ಪ, ಬೇಜಾರಿಲ್ಲ."

"ಲೇ, ನಾನು ಬರೀತೀನಿ ಅಂದ್ಮೇಲೆ ಬರೀತೀನಿ. ಹೋಗ್ಲೇ."

ಅವನು ಹೋದ ಮೇಲೆ ಬಲಗೈಯನ್ನು ನೋಡಿದೆ. ತೊಡೆಯ ಮೇಲೆ ಬೆಕ್ಕಿನ ಹಾಗೆ ಮಲಗಿತ್ತು. ಎದ್ದೇಳು ಎಂದೆ. ಏಳಲಿಲ್ಲ. ಈ ಒಂದು ಕೆಲಸ ಮಾಡದೆ ಹೋದರೆ ನಾನು ಬೋರ್ಡ್ ಬರೆಯುವವನಲ್ಲ, ಬರೆಯುತ್ತಿದ್ದವನು.

ಫೆಬ್ರವರಿ ೬, ಗುರುವಾರ

ಇವತ್ತು ಬ್ರಷ್ಷು, ಹಳೆಯ ಕ್ಯಾಲೆಂಡರಿನ ಬೆನ್ನು ತರಿಸಿದೆ. ಬಲಗೈ ಬ್ರಷ್ ಹಿಡಿಯದು. ಕಂಡರಾಗದಿದ್ದರೂ ದರಿದ್ರ ಎಡಗೈಗೆ ಕೊಟ್ಟೆ. ಪೆನ್ನು ಹಿಡಿದರೆ ಕಣ್ಣು ಕಾವಲಿರುತ್ತದೆ, ಕನ್ನಡ ಹೇಗೋ ತೆವಳುತ್ತದೆ. ಬ್ರಷ್ ಹಿಡಿದರೆ ಹಾಗಲ್ಲ, ಭುಜ ತಾನಾಗಿಯೇ ಓಡುತ್ತದೆ. ಓಡಿತು. ನಿಲ್ಲಿಸಿ ನೋಡಿದರೆ ಜಿ ಹಿಂದುಮುಂದಾಗಿ ಕೂತಿದೆ. ಎಸ್ ತಿರುಗಿದೆ. ಕೆ ಬೆನ್ನು ತೋರಿಸುತ್ತಿದೆ. ಎ ತಿರುಗಿದರೂ ಎ ಅಂತಲೇ ಓದಬಹುದು ಎಂದು ನಾಜಿಯಾ ಸಮಾಧಾನ ಹೇಳಿದಳು. ಅವಳಿಗೇನು ಗೊತ್ತು? ಪಾದದಕ್ಷರದ ಎ ಎಂದರೆ ಎಡಗಾಲು ಸಣ್ಣ, ಬಲಗಾಲು ದಪ್ಪ. ನನ್ನದು ಅದೂ ಅದಲುಬದಲು. ಮತ್ತೆ ಬರೆದೆ, ಮತ್ತೆ ಅದೇ. ಬಲದಿಂದ ಎಡಕ್ಕೇ ಓಡುತ್ತದೆ ದರಿದ್ರದ್ದು.

ಫಾತಿಮಾ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ಇಣುಕಿದಳು. "ಅರೇ, ಬಲದಿಂದ ಎಡಕ್ಕಾ? ನಿಮ್ಮ ಎಡಗೈಗೆ ಉರ್ದು ಮದರಸಾ ನೆನಪಾಗೈತೆ ಜೀ!"

ಅವಳಿಗೆ ನಗು, ನನಗೆ ಸಂಕಟ. ಕ್ಯಾಲೆಂಡರ್ ಹರಿದು ಹಾಕಿದೆ. ಒಂದೇ ಕೈಯಲ್ಲಿ ಹರಿಯುವುದೂ ಕಷ್ಟ ಎಂದು ಆಗಲೇ ಗೊತ್ತಾಗಿದ್ದು. ಹಲ್ಲಿನಲ್ಲಿ ಕಚ್ಚಿ ಹರಿದೆ.

ಫೆಬ್ರವರಿ ೧೪, ಶುಕ್ರವಾರ

ನಮಾಜ್ ಮುಗಿಸಿ ಕೋಲೂರಿಕೊಂಡು ನಾಜಿಯಾಳ ಅಂಗಡಿವರೆಗೆ ನಡೆದೆ. ನಡಿಗೆಯೂ ಒಂದು ಔಷಧಿಯಂತೆ. ನಿಧಾನವಾಗಿ ನಡೆಯುವವನಿಗೆ ಊರು ಚೆನ್ನಾಗಿ ಕಾಣುತ್ತದೆ. ಬೈಕಿನಲ್ಲಿ ಓಡಾಡುವಾಗ ಇದು ಯಾವುದೂ ಕಂಡಿರಲಿಲ್ಲ. ಪಾದದಕ್ಷರ ಎಲ್ಲೆಲ್ಲಿದೆಯಪ್ಪ! ಎಣ್ಣೆ ಮಿಲ್ಲಿನ ತೂಕದ ಯಂತ್ರದ ಹಿತ್ತಾಳೆ ತಗಡಿನ ಮೇಲೆ. ವಕೀಲರ ಮನೆಯ ಕಲ್ಲಿನಲ್ಲಿ. ಮೆಕ್ಯಾನಿಕ್ ಅಸ್ಲಂ ಗ್ರೀಸು ತುಂಬಿಟ್ಟಿರುವ ಹಳೆಯ ಬಿಸ್ಕತ್ತಿನ ಡಬ್ಬಿಯ ಮೇಲೆ. ಡಬ್ಬಿ ತುಕ್ಕು ಹಿಡಿದು ಬಣ್ಣವೆಲ್ಲ ಹೋಗಿದೆ, ಅಕ್ಷರದ ಪಾದ ಮಾತ್ರ ಊರಿಕೊಂಡು ನಿಂತಿದೆ.

"ಏನ್ ಭಾಯ್, ಡಬ್ಬೀನ ಹಂಗೆ ನೋಡ್ತೀರಾ? ಒಳಗೆ ಬಿಸ್ಕತ್ತಿಲ್ಲ," ಎಂದ ಅಸ್ಲಂ.

ನಾಜಿಯಾಳ ಅಂಗಡಿಯಲ್ಲಿ ಅಫಿಡವಿಟ್ಟೆಲ್ಲ ಪಾದದಕ್ಷರವೇ. ಹೆಸರು ತಿದ್ದುಪಡಿ, ಜಾತಿ, ಜಮೀನು, ಯಾರದೋ ಮದುವೆ ಕಾರ್ಡಿನ ಕೊನೆಯ ಇಂಗ್ಲಿಷ್ ಸಾಲು. ಪರಶುರಾಂಪುರದಿಂದ ಬಂದ ರೈತನೊಬ್ಬ ತನ್ನ ಕಾಗದವನ್ನು ಬೆಳಕಿಗೆ ಹಿಡಿದು, "ಇದು ಕೋರ್ಟಿನ ಅಕ್ಷರ ತಾನೇನವ್ವ? ಬೇರೆ ಅಕ್ಷರ ಹಾಕಿದ್ರೆ ಸಾಹೇಬ್ರು ಒಪ್ಪಲ್ಲ," ಎಂದ. ನಾಜಿಯಾ ಗಂಭೀರವಾಗಿ, "ಕೋರ್ಟಿಂದೇ ಕಣಣ್ಣ," ಎಂದಳು. ಅವಳ ಕಂಪ್ಯೂಟರಿನ ಎ ಅಕ್ಷರವನ್ನು ದೊಡ್ಡದು ಮಾಡಿಸಿ ನೋಡಿದೆ. ತಪ್ಪು ಹುಡುಕೋಣ ಎಂದೇ ನೋಡಿದ್ದು. ಚೆನ್ನಾಗಿತ್ತು, ಹಾಳಾಗಿ ಹೋಗಲಿ. ಯಾವನೋ ನನ್ನಂಥವನೇ ಕೂತು ಬರೆದಿರಬೇಕು ಮೊದಲು.

ಬರುವಾಗ ಮಂಡಕ್ಕಿ ಒಗ್ಗರಣೆ ಕಟ್ಟಿಸಿಕೊಂಡು ಬಂದೆವು. ಫಾತಿಮಾ ತಿನ್ನಿಸಿದಳು.

ಫೆಬ್ರವರಿ ೨೬, ಬುಧವಾರ

ಕಸರತ್ತಿನ ಹುಡುಗಿಯನ್ನು ನೇರವಾಗಿ ಕೇಳಿದೆ: ಉಗಾದಿಗೆ ಈ ಬಲಗೈ ಬ್ರಷ್ ಹಿಡಿಯುತ್ತದಾ? ಅವಳು ಒಳ್ಳೆಯ ಹುಡುಗಿ, ಸುಳ್ಳು ಹೇಳಲಿಲ್ಲ. ಕೈ ಎದೆಯವರೆಗೆ ಏಳಬಹುದು, ಲೋಟ ಹಿಡಿಯಬಹುದು, ಸಣ್ಣ ಕೆಲಸ ಕಷ್ಟ ಅಂಕಲ್ ಎಂದಳು.

ಊಟ ಬೇಡ ಎಂದೆ. ಫಾತಿಮಾ ಬಿಡಲಿಲ್ಲ.

ಮಾರ್ಚ್ ೨, ಭಾನುವಾರ

ರಂಜಾನ್ ಉಪವಾಸ ಶುರು, ಮೊದಲ ರೋಜಾ. ಎಲ್ಲರಿಗೂ ಇದೆ, ನನಗೆ ಮಾತ್ರ ಮಾತ್ರೆ. ಖಾಯಿಲೆಯವನಿಗೆ ಮಾಫಿ ಇದೆ ಎಂದು ಮೌಲಾನಾ ಸಾಹೇಬರೇ ಹೇಳಿ ಕಳಿಸಿದರು. ಆದರೂ ನಾಚಿಕೆ. ಮಧ್ಯಾಹ್ನ ಫಾತಿಮಾ ಬಾಯಲ್ಲಿ ಹನಿ ನೀರಿಲ್ಲದೆ ಎದುರು ಕೂತು ಅನ್ನ ಕಲಸಿ ನನಗೆ ತಿನ್ನಿಸಿದಳು. ಸಾರಿನ ವಾಸನೆಗೆ ಅವಳು ಗಂಟಲು ನುಂಗಿದ್ದು ನೋಡಿದೆ. ತಟ್ಟೆ ಸರಿಸಿ, ಸಾಕು ಎಂದೆ.

ಮಾರ್ಚ್ ೬, ಗುರುವಾರ

ಸಾರು ಸ್ವಲ್ಪ ಉಪ್ಪಾಗಿತ್ತು. ರೋಜಾ ಇರುವವಳು ರುಚಿ ನೋಡುವುದು ಹೇಗೆ, ಪಾಪ. ನಾನು ಹೇಳಲಿಲ್ಲ. ಈಗ ಮಧ್ಯಾಹ್ನ ಅವಳನ್ನು ಮಲಗಿಕೋ ಎಂದು ಕಳಿಸಿ ನಾನೇ ತಿನ್ನುತ್ತೇನೆ, ಚಮಚ ಇದೆಯಲ್ಲ. ಮೊದಲ ದಿನ ಲುಂಗಿಗೆಲ್ಲ ಚೆಲ್ಲಿತ್ತು, ಈಗ ಪರವಾಗಿಲ್ಲ. ಬಿಸಿಲು ಜೋರಾಗಿದೆ. ಕಡಲೆಕಾಯಿ ಹುರಿಯುವ ವಾಸನೆ ಎಲ್ಲಿಂದಲೋ ಬರುತ್ತಿತ್ತು.

ಭಾನುವಾರ ಮೊಳಕಾಲ್ಮೂರಿಗೆ ಹೋಗಬೇಕು. ಓಬಯ್ಯನಿಗೆ ಆಗುವುದಿಲ್ಲ ಎಂದು ಫೋನಿನಲ್ಲಿ ಹೇಳಲು ಮನಸ್ಸು ಬರುತ್ತಿಲ್ಲ. ಮುಖ ನೋಡಿಯೇ ಹೇಳುತ್ತೇನೆ.

ಮಾರ್ಚ್ ೯, ಭಾನುವಾರ

ಎಲ್ಲಿಂದ ಶುರು ಮಾಡಲಿ!

ನಾಜಿಯಾ ಜೊತೆಗೆ ಬಂದಳು. ತಳಕು, ಹಾನಗಲ್ ದಾಟಿ ಬಸ್ಸಿನಲ್ಲಿ ಹೋದೆವು. ಓಬಯ್ಯನ ಮನೆಯ ಒಳಕೋಣೆಯಲ್ಲಿ ಅವನ ಹೆಂಡತಿ ಗೀತಮ್ಮ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಸೆರಗು ನೇಯುತ್ತಿದ್ದಳು. ಆಗದು ಎಂದು ಹೇಳುವುದನ್ನು ಮುಂದಕ್ಕೆ ಹಾಕಿ ಮಗ್ಗ ನೋಡುತ್ತ ನಿಂತೆ. ಬಟ್ಟೆಯ ಮೇಲೆಲ್ಲ ದಾರದ ತುದಿಗಳು, ಗಂಟು, ಗೊಂದಲ. ನವಿಲಿದೆ ಎಂದಳು, ನನಗೆ ನವಿಲಿನ ಹಾಗೆ ಕಾಣಲಿಲ್ಲ. ಅಷ್ಟರಲ್ಲಿ ಅವಳು ಮುಖ ನೋಡಿಕೊಳ್ಳುವ ಸಣ್ಣ ಕನ್ನಡಿ ತೆಗೆದು ಬಟ್ಟೆಯ ಕೆಳಗೆ ಹಿಡಿದಳು. ಕನ್ನಡಿಯಲ್ಲಿ ಚಿನ್ನದ ನವಿಲು ನಿಂತಿತ್ತು!

"ಮೇಲೆ ಕಾಣಾದು ಬೆನ್ನು ಕಣಣ್ಣ," ಎಂದಳು ಗೀತಮ್ಮ. "ಸೀರೆ ಮುಖ ಕೆಳಗಡೆ ಐತೆ. ನಾವು ನೇಯೋವಾಗ ಮುಖ ಎಲ್ಲಿ ನೋಡ್ತೀವಿ? ಎಲ್ಲಾ ಉಲ್ಟಾನೇ. ಅನುಮಾನ ಬಂದ್ರೆ ಹಿಂಗೆ ಕನ್ನಡಿ ಹಿಡಿಯೋದು."

ಮುಂದಿನ ಕೋಣೆಗೆ ಕೋಲೂರಿಕೊಂಡು ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಹೋದೆ. ಅಂಗಡಿಗೆ ಗಾಜಿನ ಬಾಗಿಲು ಬಂದು ಕೂತಿತ್ತು. ಗಾಜಿನ ಮೇಲೆ ಒಳಗಿನಿಂದ ಬರೆಯುವ ಕಲೆಯೊಂದಿದೆ. ಒಳಗಿನಿಂದ ತಿರುಗಾಮುರುಗಾ ಬರೆದರೆ ಹೊರಗಿನವರಿಗೆ ಸರಿಯಾಗಿ ಕಾಣುತ್ತದೆ; ಬಿಸಿಲು, ಮಳೆ, ಧೂಳು ಬಣ್ಣವನ್ನು ಮುಟ್ಟುವುದಿಲ್ಲ. ಉಸ್ತಾದ್ ಚಿನ್ನಯ್ಯನವರು ಲೀಲಾಜಾಲವಾಗಿ ಬರೆಯುತ್ತಿದ್ದರು. ನನ್ನ ಬಲಗೈಗೆ ಆ ವಿದ್ಯೆ ಹತ್ತಲೇ ಇಲ್ಲ, ನಾನು ಯಾವಾಗಲೂ ಹೊರಗಿನಿಂದಲೇ ಬರೆದವನು.

"ಸೋಪಿನ ಚೂರು ಕೊಡ್ರೋ!" ಎಂದು ಕೂಗಿದೆ.

ಎಡಗೈಗೆ ಸೋಪು ಕೊಟ್ಟು ಅದರ ಪಾಡಿಗೆ ಬಿಟ್ಟೆ. ಓಡಲಿ, ಬಲದಿಂದ ಎಡಕ್ಕೇ ಓಡಲಿ. ಜಿ, ಎ, ಎನ್, ಮತ್ತೆ ಜಿ. ನಾಜಿಯಾ ಬೀದಿಗೆ ಹೋಗಿ ನಿಂತು ನೋಡಿದಳು. ಆಮೇಲೆ ಎರಡೂ ಕೈ ಬಾಯಿಗಿಟ್ಟುಕೊಂಡು, "ಅಬ್ಬಾ! ಸೀದಾ ಐತೆ! ಎ ಅಕ್ಷರದ ದಪ್ಪ ಕಾಲು ಬಲಗಡೆಗೇ ಐತೆ!" ಎಂದು ಬೀದಿಯಲ್ಲೇ ಕುಣಿದಳು. ಅತ್ತುಬಿಟ್ಟೆ. ಲಕ್ವ ಹೊಡೆದ ದಿನವೂ ಅಳದವನು ಸೋಪು ಹಿಡಿದುಕೊಂಡು ಅತ್ತೆ.

ಇಷ್ಟಕ್ಕೇ ನಿಲ್ಲಿಸಬೇಕಿತ್ತು ದೇವರು. ಓಬಯ್ಯನ ತಾಯಿ ಹುಚ್ಚಕ್ಕ ಗದ್ದಲ ಕೇಳಿ ಹಿತ್ತಲಿನಿಂದ ಬಂದಳು. ವಯಸ್ಸಾದ ಜೀವ, ಆದರೂ ಮನೆಯಲ್ಲಿ ಅವಳ ಮಾತೇ ಮಾತು. ನನ್ನ ಕೈ ನೋಡಿದಳು, ಗಾಜು ನೋಡಿದಳು.

"ಏಮಪ್ಪಾ, ಎಡಗೈಯಾಗೆ ಬರೀತೀಯಾ? ನಮ್ ದೇವ್ರ ಹೆಸರ್ನ?"

"ಬಲಗೈ ಬಿದ್ದೈತಲ್ಲವ್ವ," ಎಂದ ಓಬಯ್ಯ.

"ಪಾಪ, ಬಿದ್ದೈತೆ. ನಂಗೂ ಕರುಳು ಚುರ್ ಅಂತೈತೆ. ಆದ್ರೆ ಎಡಗೈಲಿ ಒಂದು ಎಲೆ ಅಡಿಕೆ ಕೊಡಲ್ಲ ನಾವು. ಬಾಗಿಲಿಗೆ ದೇವ್ರ ಹೆಸ್ರು ಬರೆಸ್ತೀವಾ? ವದ್ದು ನಾಯನಾ, ವದ್ದು."

ಬೇಡ ಮಗನೇ, ಬೇಡ ಎಂದು ತೆಲುಗಿನಲ್ಲಿ. ಬೇಡ ಎಂದರೆ ಬೇಡ. ಸೆರಗು ಒದ್ದೆ ಮಾಡಿ ಸೋಪಿನ ಅಕ್ಷರವನ್ನೆಲ್ಲ ಅವಳೇ ಒರೆಸಿದಳು. ಒರೆಸಿ, ಊಟ ಮಾಡ್ಕೊಂಡು ಹೋಗು ಎಂದಳು. ಗೀತಮ್ಮ ಚಮಚ ಹುಡುಕಿ ತಂದುಕೊಟ್ಟಳು.

ಮಾರ್ಚ್ ೧೦, ಸೋಮವಾರ

ಏನೂ ಇಲ್ಲ.

ಮಾರ್ಚ್ ೧೪, ಶುಕ್ರವಾರ

ಅಜ್ಜಿಯನ್ನು ಬೈಯೋಣ ಎಂದರೆ ಬೈಗುಳ ಬರುತ್ತಿಲ್ಲ. ಅವಳು ಹೊಸದೇನು ಹೇಳಿದಳು? ಎಡಗೈಯಲ್ಲಿ ಕೊಟ್ಟದ್ದನ್ನು ನಾನೂ ಮುಟ್ಟುವುದಿಲ್ಲ, ನನ್ನಪ್ಪ ವಲಿಸಾಬನೂ ಮುಟ್ಟುತ್ತಿರಲಿಲ್ಲ. ಅವಳ ದೇವರ ಹೆಸರು, ಅವಳ ಬಾಗಿಲು. ನ್ಯಾಯ ಅವಳದೇ. ಆದರೆ ಗಾಜಿನ ಮೇಲೆ ಆ ಅಕ್ಷರ ಬಂದದ್ದನ್ನು ಮರೆಯುವುದು ಹೇಗೆ? ಮಗ್ಗದ ಕೋಣೆಯ ಕತ್ತಲಿನಿಂದ ಬಂದವನಿಗೆ ಬೀದಿಯ ಬಿಸಿಲಿನಲ್ಲಿ ಅದು ಬೆಳ್ಳಗೆ ಕಂಡಿತ್ತು.

ಮನೆಯ ಕಿಟಕಿ ಗಾಜಿನ ಮೇಲೆ ಬರೆಯುತ್ತಿದ್ದೇನೆ. ದಿನಾ ಬರೆಯುವುದು, ಫಾತಿಮಾ ದಿನಾ ಒರೆಸುವುದು. ಗಾಜು ಎಂದೂ ಇಷ್ಟು ಲಕಲಕ ಹೊಳೆದಿರಲಿಲ್ಲ ಎನ್ನುತ್ತಾಳೆ. ಈ ಎಡಗೈಗೆ ಒಂದು ವಿಚಿತ್ರ ಲಯ ಇದೆ. ಎಸ್ ಅಕ್ಷರದ ಹೊಟ್ಟೆ ತಿರುವುವಾಗ ಬಲಗೈ ಯಾವಾಗಲೂ ಒಂದು ಸಲ ಉಸಿರು ಹಿಡಿಯುತ್ತಿತ್ತು. ಇದು ಹಿಡಿಯುವುದಿಲ್ಲ, ಜಾರಿಕೊಂಡು ಹೋಗುತ್ತದೆ.

ಮಾರ್ಚ್ ೨೦, ಗುರುವಾರ

ಓಬಯ್ಯನ ಫೋನು. ಪಿಸುಮಾತು.

"ಲೇ ಜುಲ್ಫಿ, ಅವ್ವನ್ನ ಕೊಂಡ್ಲಹಳ್ಳಿಗೆ ತಂಗಿ ಮನೆಗೆ ಕಳಿಸಿದೀನಿ. ಸೋಮವಾರ ಬರ್ತಾಳೆ. ಭಾನುವಾರ ಬಂದು ಬರ್ದು ಬಿಡು. ಬರೆದ್ಮೇಲೆ ಒರೆಸ್ತಾಳಾ? ಒರೆಸಲ್ಲ."

"ಮುದುಕಿ ಕಣ್ಣಿಗೆ ಮಣ್ಣೆರಚೋದಾ? ಆಗಲ್ಲ ಕಣೋ."

"ಬರೆಯಲ್ಲ ಅಂತೀಯಾ?"

ಪಕ್ಕದಲ್ಲೇ ಕಿವಿಗೊಟ್ಟು ಕೂತಿದ್ದ ಫಾತಿಮಾ ನನ್ನ ಕೈಯಿಂದ ಫೋನು ತೆಗೆದುಕೊಂಡಳು. "ಬರ್ತೀವಿ ಓಬಯ್ಯಣ್ಣ. ಅಮ್ಮನ ಹತ್ರ ಆಮೇಲೆ ನಾನೇ ಮಾತಾಡ್ತೀನಿ. ಬೈದ್ರೆ ನನ್ನ ಬೈಲಿ."

ಫೋನಿಟ್ಟು, ಬಣ್ಣದ ಡಬ್ಬಿ ಹಿಡಿಯಲು ಯಾರು ಬೇಕು ಎಂದು ಕೇಳಿದಳು. ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದೇನೆ. ತಪ್ಪೋ ಸರಿಯೋ, ಖುಷಿ ಮಾತ್ರ ತಡೆಯಲಾಗುತ್ತಿಲ್ಲ.

ಮಾರ್ಚ್ ೨೩, ಭಾನುವಾರ

ಬೆಳಿಗ್ಗೆಯೇ ಮೊಳಕಾಲ್ಮೂರು ಸೇರಿದೆವು. ರೋಜಾ ಇದ್ದರೂ ಫಾತಿಮಾ ಬಂದಳು. ನಾಜಿಯಾ ಕನ್ನಡದ ಬೋರ್ಡು ತಂದಿದ್ದಳು. ಬಾಗಿಲ ಮೇಲೆ ಅದನ್ನು ಕೂರಿಸಿದಾಗ ನೋಡಿದೆ. ಕಂಪ್ಯೂಟರಿನದಾದರೂ ಅಚ್ಚುಕಟ್ಟಾಗಿದೆ. ಹಾಗೆಂದು ಅವಳಿಗೆ ಹೇಳಿಯೂ ಹೇಳಿದೆ, ಅವಳೇ ಕಣ್ಣು ಕಣ್ಣು ಬಿಟ್ಟಳು.

ಗಾಜಿಗೆ ದಾರ ಹಿಡಿದು ಗೆರೆ ಹೊಡೆದೆವು. ದಾರದ ಒಂದು ತುದಿ ಫಾತಿಮಾಳ ಬೆರಳಲ್ಲಿ, ಇನ್ನೊಂದು ನನ್ನ ಹಲ್ಲಿನಲ್ಲಿ. ಒಳಗಿನಿಂದ ಬರೆಯುವಾಗ ಎಲ್ಲವೂ ಹಿಂದುಮುಂದು. ಹೊರಗೆ ಮೊದಲು ಕಾಣಬೇಕಾದ ಕಪ್ಪು ಅಂಚನ್ನೇ ಮೊದಲು ಹಾಕಬೇಕು, ಚಿನ್ನದ ಬಣ್ಣ ಅದರ ಬೆನ್ನಿಗೆ. ಅಂಚು ಒಣಗುವ ತನಕ ಕಾದೆವು. ಗೀತಮ್ಮನ ಮಗ್ಗದ ಸದ್ದು ಒಳಗಿನಿಂದ ಕೇಳುತ್ತಿತ್ತು. ಆಮೇಲೆ ಚಿನ್ನ. ಬಲತುದಿಯಿಂದ ಶುರು ಮಾಡಿ ಎಡಕ್ಕೆ ಹೋಗುವುದರಿಂದ ಹಸಿ ಬಣ್ಣ ಕೈಗೆ ತಾಗುವುದೇ ಇಲ್ಲ. ಒಂದೊಂದು ಗೀಟೂ ಎಳೆದು, ಕೆಳಗೆ ಪಾದ ಇಟ್ಟು, ಮುಂದಕ್ಕೆ. ಮೈಯೆಲ್ಲ ಹಗುರ. ಎಷ್ಟು ದಿನವಾಗಿತ್ತೋ ಹೀಗೆ ಕೆಲಸದೊಳಗೆ ಇಳಿದು!

ಹೆಸರಿನ ಕೆ ಅಕ್ಷರಕ್ಕೆ ಬಂದಿದ್ದೆ. ಫಾತಿಮಾ ಹಿಡಿದ ಡಬ್ಬಿ ಅಲುಗಿತು. ತಲೆಯೆತ್ತಿದರೆ ಗಾಜಿನ ಆಚೆ ಹುಚ್ಚಕ್ಕ! ಕಂಕುಳಲ್ಲಿ ಚೀಲ, ತಲೆಯ ಮೇಲೆ ಬಿಸಿಲು. ಮಗಳ ಮನೆಯಲ್ಲಿ ಮನಸ್ಸು ನಿಲ್ಲದೆ ಬಂದುಬಿಟ್ಟಿದ್ದಾಳೆ. ಓಬಯ್ಯ ನಾಗರಹಾವು ಕಂಡವನ ಹಾಗೆ ನಿಂತ. ನನ್ನ ಬ್ರಷ್ ಗಾಜಿನ ಮೇಲೇ ಇತ್ತು. ತೆಗೆದರೆ ಗೀಟು ಕೆಡುತ್ತದೆ, ಇಟ್ಟರೆ ಬಣ್ಣ ಸೋರುತ್ತದೆ. ಮುಗಿಯಿತು, ಈಗ ಸೆರಗು ಒದ್ದೆ ಮಾಡುತ್ತಾಳೆ ಎಂದುಕೊಂಡೆ.

ಅಜ್ಜಿ ಚೀಲ ಕೆಳಗಿಟ್ಟಳು. ಗಾಜಿನ ಹತ್ತಿರಕ್ಕೆ ಬಂದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಆದರೂ ಒಂದೊಂದು ಅಕ್ಷರವನ್ನೂ ಸೀರೆಯ ಅಂಚು ನೋಡುವ ಹಾಗೆ ಮೇಲಿನಿಂದ ಕೆಳಕ್ಕೆ ನೋಡಿದಳು. ದಪ್ಪ ಗೀಟು, ಸಣ್ಣ ಗೀಟು, ಪಾದ. ಎಷ್ಟು ಹೊತ್ತು! ಆಮೇಲೆ ತನ್ನ ಬಲಗೈ ಎತ್ತಿ, ಬ್ರಷ್ ಹಿಡಿದ ನನ್ನ ಕೈಗೆ ಎದುರಾಗಿ ಗಾಜಿನ ಮೇಲಿಟ್ಟಳು. ಅವಳ ಬಲಗೈಗೆ ನನ್ನ ಎಡಗೈ ಸರಿಯಾಗಿ ಎದುರು ಕೂತಿತು.

"ಲೇ ಓಬಯ್ಯ," ಎಂದಳು ಬೀದಿಗೆಲ್ಲ ಕೇಳುವಂತೆ. "ಎಡಗೈ ಎಡಗೈ ಅಂತಿದ್ರಲ್ಲೋ! ನೋಡಿಲ್ಲಿ. ನಾನಿರೋ ಕಡೆಯಿಂದ ಬಲಗಡೆ ಕೈಯಾಗೇ ಬರೀತಾ ಅದಾನೆ."

"ಅವ್ವ, ಅದು..." ಎಂದು ಓಬಯ್ಯ ಬಾಯಿ ತೆರೆದ. ಗೀತಮ್ಮ ಯಾವಾಗ ಬಂದಳೋ, ಅವನ ಸೊಂಟಕ್ಕೆ ಸರಿಯಾಗಿ ತಿವಿದಳು.

"ಗಿರಾಕಿ ನಿಲ್ಲಾದು ಬೀದಿಯಾಗೆ ತಾನೆ? ಬೀದಿಯಿಂದ ಬಲಗೈ ಆದ್ರೆ ಬಲಗೈಯೇ. ಬರಿಯಪ್ಪ, ಬರಿ. ಬಣ್ಣ ಸೋರ್ತೈತೆ ನೋಡು."

ಬರೆದೆ. ಕೆ ಅಕ್ಷರದ ಕಾಲು ಒಂದು ಎಳೆ ದಪ್ಪವಾಗಿದೆ, ಅಷ್ಟು ಹೊತ್ತು ಬ್ರಷ್ ನಿಂತದ್ದಕ್ಕೆ. ಯಾರಿಗೂ ಗೊತ್ತಾಗುವುದಿಲ್ಲ. ಸಂಜೆ ಬಸ್ ನಿಲ್ದಾಣದಲ್ಲೇ ಫಾತಿಮಾಳ ರೋಜಾ ಬಿಡಿಸಿದೆ, ಖರ್ಜೂರ ನಾನೇ ಬಿಡಿಸಿ ಅವಳ ಬಾಯಿಗಿಟ್ಟೆ. ಸುಸ್ತಾಗಿದ್ದಳು, ಆದರೂ ದಾರಿಯುದ್ದಕ್ಕೂ ನಗುತ್ತಲೇ ಇದ್ದಳು.

ಮಾರ್ಚ್ ೨೫, ಮಂಗಳವಾರ

ಅಜ್ಜಿ ನಿಜವಾಗಿಯೂ ಮೋಸಹೋದಳಾ? ಕಣ್ಣು ಮಂಜಾಗಿದೆಯಾ? ಫಾತಿಮಾಳನ್ನು ಕೇಳಿದರೆ, ಅಂಥ ಅಮ್ಮನಿಗೆ ಮೋಸ ಮಾಡೋರು ಇನ್ನೂ ಹುಟ್ಟಿಲ್ಲ ಅನ್ನುತ್ತಾಳೆ. ನನಗೆ ಗೊತ್ತಿಲ್ಲ. ಮೋಸಹೋಗಿದ್ದರೆ ನನಗೆ ಒಳಗೊಳಗೇ ಚುಚ್ಚುತ್ತಲೇ ಇರುತ್ತದೆ. ಉಗಾದಿಗೆ ಎಲ್ಲರೂ ಬರಬೇಕು ಎಂದು ಓಬಯ್ಯ ಹೇಳಿ ಕಳಿಸಿದ್ದಾನೆ. ಹೋಗಲೋ ಬೇಡವೋ.

ಅಸ್ಲಂ ತನ್ನ ಗ್ಯಾರೇಜಿಗೂ ಒಂದು ಗಾಜಿನ ಕಿಟಕಿ ಹಾಕಿಸುತ್ತಾನಂತೆ. ಸುಳ್ಳು ಹೇಳುತ್ತಾನೆ, ಗ್ಯಾರೇಜಿಗೆ ಗೋಡೆಯೇ ಇಲ್ಲ.

ಮಾರ್ಚ್ ೩೦, ಭಾನುವಾರ, ಉಗಾದಿ

ಹೋದೆವು. ಬಾಗಿಲಿಗೆ ಮಾವಿನೆಲೆ, ಬೇವಿನೆಲೆ. ನಡುವೆ ಗಾಜಿನಲ್ಲಿ ಗಂಗಾಂಬಿಕಾ ಸಿಲ್ಕ್ಸ್, ಪಾದ ಊರಿಕೊಂಡು. ಬಿಸಿಲು ಬಿದ್ದಾಗ ಚಿನ್ನದಕ್ಷರದ ನೆರಳು ಒಳಗಿನ ನೆಲದ ಮೇಲೆ ಉದ್ದಕ್ಕೆ ಚಾಚಿಕೊಂಡಿತ್ತು, ಮಕ್ಕಳು ಅದರ ಮೇಲೆ ಕುಂಟಾಬಿಲ್ಲೆ ಆಡುತ್ತಿದ್ದರು. ಬೀದಿಯ ನೇಕಾರರೆಲ್ಲ ಬಂದಿದ್ದರು. ಒಬ್ಬ ಮುದುಕ ಗಾಜನ್ನು ಉಗುರಿನಿಂದ ಕೆರೆದು, ಇದು ಹೊರಗಡೆ ಇಲ್ಲವಲ್ಲಪ್ಪ ಎಂದು ಬೆರಗಾದ.

ಪೂಜೆಯಾಯಿತು. ಹುಚ್ಚಕ್ಕ ತಟ್ಟೆಯಲ್ಲಿ ಬೇವುಬೆಲ್ಲ ಇಟ್ಟುಕೊಂಡು ಒಬ್ಬೊಬ್ಬರಿಗೇ ಕೊಡುತ್ತ ಬಂದಳು. ರೋಜಾ ಇರುವ ಫಾತಿಮಾ, ನಾಜಿಯಾ ಇಬ್ಬರಿಗೂ ಸಂಜೆಗೆ ಎಂದು ಎಲೆಯಲ್ಲಿ ಕಟ್ಟಿಕೊಟ್ಟಳು. ಆಮೇಲೆ ನನ್ನ ಮುಂದೆ ನಿಂತಳು. ಸುತ್ತ ಜನ. ದೇವರ ಪ್ರಸಾದ. ಬಲಗೈ ಈಗ ಎದೆಯವರೆಗೆ ಏಳುತ್ತದೆ, ಆದರೆ ಕೆಳಗಿನಿಂದ ಯಾರಾದರೂ ಹಿಡಿದೆತ್ತಬೇಕು. ಎಡಗೈಯಿಂದ ಬಲಮಣಿಕಟ್ಟು ಹಿಡಿದು ಎತ್ತತೊಡಗಿದೆ. ಬೆರಳು ಬಿಚ್ಚಿಕೊಳ್ಳಲಿಲ್ಲ. ಇನ್ನೊಂದು ಸಲ ಎತ್ತಿದೆ.

ಅಜ್ಜಿ ತಟ್ಟೆಯನ್ನು ಸೊಂಟಕ್ಕೆ ಒತ್ತಿಕೊಂಡು ನನ್ನ ಬಲಗೈಯನ್ನು ಮೆಲ್ಲಗೆ ಕೆಳಕ್ಕಿಳಿಸಿದಳು.

"ಅದನ್ಯಾಕೆ ಎಬ್ಬಿಸ್ತೀಯಾ ನಾಯನಾ? ಮಲಗಿರ್ಲಿ ಬಿಡು," ಎಂದಳು. "ನಮ್ ದೇವ್ರ ಹೆಸ್ರು ಬರೆದ ಕೈ ಯಾವ್ದು ಅಂತ ನಂಗೊತ್ತಿಲ್ವಾ? ಅದನ್ನ ತಾ."

ಕೈ ಚಾಚಿದೆ. ಅವಳು ಬೇವುಬೆಲ್ಲ ಇಟ್ಟು, ನನ್ನ ಬೆರಳುಗಳನ್ನು ಅದರ ಮೇಲೆ ಮಡಿಸಿ, ಒಂದು ಗಳಿಗೆ ಹಾಗೇ ಹಿಡಿದುಕೊಂಡಳು. ಎಲ್ಲರೂ ನೋಡುತ್ತಿದ್ದರು. ಅಲ್ಲೇ ನಿಂತು ತಿಂದೆ.